ಹೊಸ್ತಿಲ ಮೇಲೆ ಇಡಿಸಿದ ಕಾಲು

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ನನಗೆ ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಬೀಳೋ ಭಯ ಇರೋ ವಯಸ್ಸಾದೋರಿಗೆ ಯಾವ ಎಕ್ಸರ್‌ಸೈಜ್ ಕೊಡ್ಬೇಕು?" ಎಂದು ಕೇಳುತ್ತಾರೆ. ಅದು ನಿಮ್ಮ ಪುಸ್ತಕದಲ್ಲೇ ಇದೆ, ಕೈಯಲ್ಲಿರುವ ಫೋನಿನಲ್ಲಿ ವಿಡಿಯೊ ಇದೆ, ನನ್ನನ್ನು ಯಾಕೆ ಕೇಳುತ್ತೀರಿ ಎಂದು ಗದರುತ್ತೇನೆ. ಆಮೇಲೆ ಪಾಪ ಅನ್ನಿಸುತ್ತದೆ. ಅವರಿಗೆ ಬೇಕಾದದ್ದು ಎಕ್ಸರ್‌ಸೈಜ್ ಅಲ್ಲ, ಈ ಕೆಲಸ ನಿಜವಾಗಿ ಹೇಗಿರುತ್ತದೆ ಎಂಬುದು. ಅದನ್ನು ಯಾವ ಕಾಲೇಜಿನವರೂ ಹೇಳಿಕೊಡುವುದಿಲ್ಲ. ಹೇಳಿಕೊಟ್ಟರೆ ಸೀಟುಗಳು ಖಾಲಿ ಉಳಿಯುತ್ತವೆ.

ಮೂವತ್ತೊಂದು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, "ಸಾವಿರಾರು ಜನರನ್ನು ಎದ್ದು ನಿಲ್ಲಿಸಿದ ಮಹಾತಾಯಿ" ಎಂದು ಭಾಷಣ ಮಾಡಿದರು. ಒಬ್ಬರನ್ನು ಮಲಗಿಸಿದ್ದೂ ಇದೆ. ಅದನ್ನು ಯಾರೂ ಹೇಳಲಿಲ್ಲ. ಮೈಕು ನನ್ನ ಕೈಗೆ ಬಂದಾಗ ನಾನೂ ಹೇಳಲಿಲ್ಲ. ಎಲ್ಲರಿಗೂ ವಂದನೆ ಎಂದು ಕುಳಿತುಕೊಂಡೆ. ಅದನ್ನು ಈಗ ಹೇಳುತ್ತೇನೆ, ಆದರೆ ಸರದಿಯ ಪ್ರಕಾರ ಹೇಳುತ್ತೇನೆ.

ಆಸ್ಪತ್ರೆಯ ಹೆಸರು ಬೇಡ. ಅದೊಂದು ಟ್ರಸ್ಟಿನದು. ಚಾಮರಾಜನಗರದಲ್ಲಿ ಕಟ್ಟಡ, ವಾರಕ್ಕೆ ಎರಡು ದಿನ ಗುಂಡ್ಲುಪೇಟೆಯಲ್ಲಿ ಬಾಡಿಗೆ ಕೋಣೆಯ ಕ್ಲಿನಿಕ್. ಎರಡಕ್ಕೂ ನಾನೊಬ್ಬಳೇ. ನಮ್ಮೂರು ಕುದೇರು, ಹಾಗಾಗಿ ಈ ಸೀಮೆಯ ಜನ ನನಗೆ ಹೊಸಬರಲ್ಲ. ಅವರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ಒಳಗಿದ್ದ ನಿಜವಾದ ಡಾಕ್ಟರುಗಳು "ಮಸಾಜ್‌ನೋರ ಹತ್ರ ಕಳ್ಸಿ" ಎನ್ನುತ್ತಿದ್ದರು. ಎಕ್ಸ್‌ರೇ ಕೋಣೆಯ ಹಿಂದೆ ನನಗೊಂದು ಜಾಗ ಕೊಟ್ಟಿದ್ದರು. ಅದರಲ್ಲಿ ರೋಗಿಗಳು ಹಿಡಿದುಕೊಂಡು ನಡೆಯಲೆಂದು ಎರಡು ಉದ್ದನೆಯ ಕಬ್ಬಿಣದ ಕಂಬಿಗಳಿದ್ದವು. ಆಯಾಗಳು ಅವುಗಳ ಮೇಲೆ ಒಗೆದ ಬೆಡ್‌ಶೀಟ್ ಒಣಗಹಾಕುತ್ತಿದ್ದರು. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಚೆನ್ನಾಗಿ ಕಲಿತದ್ದು ಬೆಡ್‌ಶೀಟ್ ಮಡಚುವುದನ್ನು.

ನಮ್ಮ ಕಡೆಯ ವಯಸ್ಸಾದವರು ಭಯ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಒಮ್ಮೆ ಬಿದ್ದವರು ಇನ್ನೊಮ್ಮೆ ಬೀಳಬಾರದೆಂದು ನಡೆಯುವುದನ್ನೇ ನಿಲ್ಲಿಸಿರುತ್ತಾರೆ. ಕೇಳಿದರೆ ಗಂಡಸರು ಮಂಡಿನೋವು ಎನ್ನುತ್ತಾರೆ, ಹೆಂಗಸರು ತಲೆಸುತ್ತು ಎನ್ನುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ, ಕೂತಿರ್ಲಿ ಬುಡಿ" ಎನ್ನುತ್ತಾರೆ. ಕೂತ ಕಾಲು ಬತ್ತುತ್ತದೆ, ಬತ್ತಿದ ಕಾಲು ಮತ್ತೆ ಬೀಳಿಸುತ್ತದೆ. ಇಷ್ಟು ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇಲ್ಲದ್ದನ್ನು ಕಲಿಸಿದ್ದು ಒಬ್ಬ ಸೊಸೆ. "ನಮ್ಮತ್ತೆ ನೀರೇ ಕುಡಿಯಾಕಿಲ್ಲ ಕಣ್ರೀ, ಬಿಸ್ಲಲ್ಲೂ ಬ್ಯಾಡ ಅಂತವ್ರೆ" ಎಂದಳು. ನೀರು ಕುಡಿದರೆ ಏಳಬೇಕು, ಎದ್ದರೆ ನಡೆಯಬೇಕು, ನಡೆದರೆ ಬೀಳಬಹುದು. ಆ ಅಜ್ಜಿ ಗಂಟಲು ಒಣಗಿಸಿಕೊಂಡು ಕೂತಿದ್ದರು. ಅವತ್ತಿನಿಂದ ನಾನು ಯಾರ ಕಾಲನ್ನೂ ಮುಟ್ಟುವ ಮೊದಲು ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ ಎಂದು ಕೇಳುತ್ತಿದ್ದೆ. ನೀವೂ ಕೇಳಿ.

ಗುಂಡ್ಲುಪೇಟೆ ಕ್ಲಿನಿಕ್ಕಿಗೆ ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಬಸ್‌ಸ್ಟ್ಯಾಂಡ್ ಹತ್ತಿರ ಎಡವಿ ಬಿದ್ದ ಮೇಲೆ ಬೀದಿಗೆ ಇಳಿಯುವುದನ್ನೇ ಬಿಟ್ಟಿದ್ದರು. ಕ್ಲಿನಿಕ್ಕಿಗೂ ಆಟೋದಲ್ಲಿ ಬಂದು ಆಟೋದಲ್ಲಿ ಹೋಗುತ್ತಿದ್ದರು. ಆರು ವಾರ ಅವರ ಕಾಲಿಗೆ ಬಲ ಬರುವ ಕಸರತ್ತು ಮಾಡಿಸಿದೆ. ಕಾಲು ಗಟ್ಟಿಯಾಯಿತು, ಭಯ ಇದ್ದಲ್ಲೇ ಇತ್ತು. ಒಂದು ದಿನ ಅವರು ಆಟೋ ಇಳಿದು ಬರುವುದನ್ನು ಕಿಟಕಿಯಿಂದ ನೋಡಿದೆ. ಒಂದು ಕೈಯಲ್ಲಿ ಪಂಚೆಯ ಅಂಚು ಎತ್ತಿ ಹಿಡಿದಿದ್ದಾರೆ, ಇನ್ನೊಂದರಲ್ಲಿ ಛತ್ರಿ. ಎಡವಿದರೆ ಹಿಡಿದುಕೊಳ್ಳಲು ಒಂದು ಕೈಯೂ ಖಾಲಿ ಇಲ್ಲ.

"ಸಾರ್, ನಾಳೆಯಿಂದ ಪಂಚೆ ಎತ್ತಿ ಕಟ್ಟಿ. ಇಲ್ಲಾಂದ್ರೆ ಪೈಜಾಮ ಹಾಕ್ಕೊಳಿ" ಎಂದೆ.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಏನಮ್ಮಾ, ಮೂವತ್ತೆಂಟು ವರ್ಷ ಪಾಠ ಹೇಳ್ದೋನು ನಾನು. ಬೀದೀಲಿ ಶಿಷ್ಯಂದ್ರು ಎದುರಿಗೆ ಸಿಕ್ತಾರೆ. ಪಂಚೆ ಎತ್ತಿ ಕಟ್ಕೊಂಡು ಹೋಗಕ್ಕೆ ನಾನೇನು ಗದ್ದೆಗೆ ನೀರ್ ಕಟ್ಟಕ್ಕೆ ಹೊಂಟಿದೀನಾ?"

ದಾರಿ ತೋರಿಸಿದ್ದು ಅವರ ಹೆಂಡತಿ. ಆಕೆ ಏನೂ ಮಾತಾಡದೆ ಇದ್ದಬದ್ದ ಪಂಚೆಗಳನ್ನೆಲ್ಲ ದರ್ಜಿಗೆ ಕೊಟ್ಟು ನಾಲ್ಕು ಬೆರಳು ಮೇಲಕ್ಕೆ ಮಡಿಸಿ ಹೊಲಿಸಿಬಿಟ್ಟರು. ಮುಂದಿನ ವಾರ ಮೇಷ್ಟ್ರು ಕೈಬೀಸಿಕೊಂಡು ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರು. ನಾನು ಇದನ್ನು ತಮಾಷೆಯ ಕಥೆ ಮಾಡಿಕೊಂಡು ಊರೆಲ್ಲ ಹೇಳಿ ನಕ್ಕೆ. ನಗುವುದರ ಜೊತೆಗೆ ಸ್ವಲ್ಪ ಬುದ್ಧಿಯನ್ನೂ ಕಲಿತಿದ್ದರೆ ಮುಂದಿನದು ಆಗುತ್ತಿರಲಿಲ್ಲ. ಭಯ ಮನಸ್ಸಿನಲ್ಲಿದೆ ಎಂದು ನಾವು ಹುಡುಕುತ್ತಿರುತ್ತೇವೆ, ಅದು ಅವರ ಬಟ್ಟೆಯಲ್ಲಿರುತ್ತದೆ, ಮನೆಯಲ್ಲಿರುತ್ತದೆ.

ಇನ್ನು ಟ್ರಸ್ಟಿನ ಶಿಬಿರಗಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಅದರ ಅರ್ಥ ತಿಳಿಯಬೇಕಾದರೆ ಒಂದು ಊರುಗೋಲು ವಿತರಣಾ ಶಿಬಿರ ನೋಡಬೇಕು. ಶಾಮಿಯಾನ, ಬ್ಯಾನರು, ಶಾಲು, ಉಪ್ಪಿಟ್ಟು, ಕೇಸರಿಬಾತು ಎಲ್ಲ ಇರುತ್ತಿದ್ದವು. ಕೋಲಿನ ತುದಿಗೆ ಹಾಕುವ ರಬ್ಬರು ಇರುತ್ತಿರಲಿಲ್ಲ. ಕೋಲುಗಳೆಲ್ಲ ಒಂದೇ ಎತ್ತರ. ಆರಡಿ ಆಳಿಗೂ ಅದೇ, ಗೂನು ಬೆನ್ನಿನ ಅಜ್ಜಿಗೂ ಅದೇ. ಅಜ್ಜಿಯರು ಬಾವುಟದ ಕಂಬ ಹಿಡಿದವರಂತೆ ನಿಂತಿದ್ದರು.

ನಮ್ಮ ಆಸ್ಪತ್ರೆ ನಡೆಸುತ್ತಿದ್ದವರನ್ನು ಎಲ್ಲರೂ "ದೊಡ್ಡವರು" ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅವರ ಹತ್ತಿರ ಹೋಗಿ, "ಸಾರ್, ಕೋಲು ಉದ್ದ ಆದ್ರೆ ಅದೇ ಬೀಳಿಸುತ್ತೆ. ಅಳತೆ ತಗೊಂಡು ಕೊಡೋಣ" ಎಂದೆ.

"ಫೋಟೊದಲ್ಲಿ ಎಲ್ಲರ ಕೈಯಲ್ಲೂ ಕೋಲು ಕಾಣುತ್ತಲ್ಲಮ್ಮಾ? ಮತ್ತೇನು ನಿಮ್ಮದು?" ಎಂದರು.

ಎರಡು ತಿಂಗಳ ಮೇಲೆ ಊರುಗಳಿಗೆ ಹೋಗಿ ನೋಡಿದರೆ, ಆ ಕೋಲುಗಳಲ್ಲಿ ನುಗ್ಗೆಕಾಯಿ ಬಡಿಯುತ್ತಿದ್ದರು, ಗೊನೆ ಬಿಟ್ಟ ಬಾಳೆಗೆ ಊರೆ ಕೊಟ್ಟಿದ್ದರು. ಅಜ್ಜ ಅಜ್ಜಿಯರು ಮೊದಲಿನಂತೆ ಗೋಡೆ ತಡಕಿಕೊಂಡೇ ನಡೆಯುತ್ತಿದ್ದರು. ನಾನು ಒಂದು ಗರಗಸ ಕೊಂಡು ಬ್ಯಾಗಿನಲ್ಲಿಟ್ಟುಕೊಂಡೆ. ಮನೆಮನೆಗೆ ಹೋಗಿ ಅಳತೆ ನೋಡಿ ಕೋಲು ಕುಯ್ದು ಕೊಡತೊಡಗಿದೆ. ತೆರಕಣಾಂಬಿ ಬಸ್ಸಿನ ಕಂಡಕ್ಟರ್ ಅದನ್ನು ನೋಡಿ, "ಏನ್ ಮೇಡಂ, ಆಸ್ಪತ್ರೇಲಿ ಕಾಲ್ ಕುಯ್ಯೋ ಕೆಲ್ಸಾನೂ ನಿಮ್ಗೇ ಕೊಟ್ಬುಟ್ರಾ?" ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ದೊಡ್ಡವರು ಮಾತ್ರ ನಗಲಿಲ್ಲ. ದಾನಿಗಳು ಕೊಟ್ಟ ವಸ್ತುವನ್ನು ಹಾಳುಮಾಡಿದ್ದಕ್ಕೆ ವಿವರಣೆ ಬರೆದುಕೊಡಿ ಎಂದರು. ಬರೆದುಕೊಟ್ಟೆ. ಅವರು ಕೇಳಿದ್ದನ್ನೆಲ್ಲ ಬರೆದುಕೊಡುವ ಅಭ್ಯಾಸ ನನಗೆ ಹೀಗೇ ಆಯಿತು.

ಈಗ ಚಿಕ್ಕತಾಯಮ್ಮನ ವಿಷಯ.

ಭೀಮನಬೀಡಿನವರು. ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದಾಗ ಬಂದರು. ವಯಸ್ಸು ಎಪ್ಪತ್ತರ ಆಸುಪಾಸು. ಜೀವಮಾನವೆಲ್ಲ ಚೆಂಡುಹೂವಿನ ಹೊಲದಲ್ಲಿ ಹೂ ಬಿಡಿಸಿ, ಕುಕ್ಕೆ ಹೊತ್ತು ನಡೆದ ಹೆಂಗಸು. ಅಂಗಳದ ಒದ್ದೆಯಲ್ಲಿ ಜಾರಿ ಬಿದ್ದಿದ್ದರು. ಮೂಳೆ ಏನೂ ಮುರಿದಿರಲಿಲ್ಲ, ಆದರೆ ಮೂರು ತಿಂಗಳಿಂದ ನಡುಮನೆಯ ಮಂಚ ಬಿಟ್ಟು ಇಳಿದಿರಲಿಲ್ಲ. ಕರೆದುಕೊಂಡು ಬಂದವನು ಮಗ ಶಿವಣ್ಣ, ಹೈಸ್ಕೂಲಿನಲ್ಲಿ ಅಟೆಂಡರ್. ತಾಯಿಯನ್ನು ಆಟೋದಿಂದ ಎತ್ತಿಕೊಂಡೇ ಒಳಗೆ ತಂದ. ಕೆಟ್ಟವನಲ್ಲ. ಒರಟು ಮಾತು, ಆದರೆ ತಾಯಿಯ ಸೆರಗು ಸರಿದರೆ ತಾನೇ ಸರಿಮಾಡುತ್ತಿದ್ದ.

"ನಿಮಗೆ ಏನಾಗಬೇಕವ್ವ?" ಎಂದು ಕೇಳಿದೆ.

ಮಗ ಆಚೆ ಹೋಗುವವರೆಗೂ ಕಾದು, ನನ್ನ ಕೈ ಹಿಡಿದುಕೊಂಡು ಹೇಳಿದರು. "ನಂಗೇನೂ ಬ್ಯಾಡ ಕಣ್ ಡಾಕ್ಟ್ರಮ್ಮ. ಕಕ್ಕಸ್ಗೆ ನಾನೇ ಓಗಿ ನಾನೇ ಬರಂಗೆ ಮಾಡ್ಬುಡು. ಸೊಸೆ ಕೈಲಿ ಬಕೀಟು ಎತ್ತುಸ್ತಾ ಇವ್ನಿ. ಅವ್ಳು ಒಂದ್ ಮಾತೂ ಅನ್ನಾಕಿಲ್ಲ. ಅಂದಿದ್ರೇ ಚೆನ್ನಾಗಿತ್ತು."

ಅವರ ಬೇಡಿಕೆ ಅಷ್ಟೇ. ಮಂಚದಿಂದ ಅಂಗಳದ ಮೂಲೆಯ ಕಕ್ಕಸಿಗೆ, ಮತ್ತೆ ವಾಪಸ್ಸು. ಇಪ್ಪತ್ತು ಹೆಜ್ಜೆ ಇರಬಹುದು.

ಆರು ವಾರ ಬಂದರು. ಅಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಕಂಬಿ ಹಿಡಿದು ನಡೆದರು, ಕಂಬಿ ಬಿಟ್ಟು ನಡೆದರು. ಮರದ ಮೆಟ್ಟಿಲು ಹತ್ತಿ ಇಳಿದರು. ನೆಲದ ಮೇಲೆ ಕೂರಿಸಿ ಏಳುವುದನ್ನೂ ಕಲಿಸಿದೆ. ನಮ್ಮ ಹಳ್ಳಿಯವರಿಗೆ ಅದು ಹುಟ್ಟಿನಿಂದ ಬಂದ ವಿದ್ಯೆ, ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಮರೆತಿದ್ದಾರೆ. ಬಿದ್ದರೆ ಏಳಬಲ್ಲೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಚಿಕ್ಕತಾಯಮ್ಮ ಎರಡೇ ದಿನದಲ್ಲಿ ಕಲಿತು, "ಇದೇನ್ ಮಾ ದೊಡ್ದು, ಸಸಿ ನಾಟಿ ಮಾಡುವಾಗ ದಿನಕ್ಕೆ ನೂರ್ ಸಲ ಎದ್ ಕೂತಿವ್ನಿ" ಎಂದರು.

ಆದರೆ ಮನೆಯಲ್ಲಿ ಅದೇ ಕಥೆ. ಶಿವಣ್ಣ ಬಂದು ದೂರಿದ. "ಇಲ್ಲಿ ಕುದ್ರೆ ಇದ್ದಂಗೆ ನಡೀತದೆ ಮೇಡಂ. ಮನೇಲಿ ನಡುಮನೆ ತುಂಬಾ ಓಡಾಡ್ತದೆ. ಬಾಗ್ಲತ್ರ ಓದ್ರೆ ನಿಂತ್ಕಬುಡ್ತದೆ. ಕಾಲು ಎತ್ತದು, ಇಳ್ಸದು, ಬೆವರದು. ಆಮೇಲೆ ವಾಪಸ್ ಬಂದು ಮಂಚದ ಮೇಲೆ ಕೂತ್ಕತದೆ."

ನಾನು ಫಾರಂ ತೆಗೆದು "ಬೀಳುವ ಭಯ: ತೀವ್ರ" ಎಂದು ಬರೆದೆ. ನೀವೂ ಹಾಗೇ ಬರೆಯುತ್ತೀರಿ. ನಮಗೆ ಅರ್ಥವಾಗದ್ದಕ್ಕೆಲ್ಲ ಒಂದು ಹೆಸರಿಟ್ಟು ರೋಗಿಯ ತಲೆಗೆ ಕಟ್ಟುವುದು ನಮ್ಮ ವೃತ್ತಿಯ ದೊಡ್ಡ ಅನುಕೂಲ.

ಮನೆಗೆ ಹೋಗಿ ನೋಡಲು ಅನುಮತಿ ಕೇಳಿದೆ. "ಒಬ್ಬರ ಮನೆಗೆ ಹೋಗೋ ಹೊತ್ತಿಗೆ ಇಲ್ಲಿ ಹತ್ತು ಜನರನ್ನ ನೋಡಬಹುದು" ಎಂದರು ದೊಡ್ಡವರು. ಹತ್ತು ದಿನ ಕಾಡಿದ ಮೇಲೆ ಒಂದು ಶುಕ್ರವಾರ ಒಂದು ಗಂಟೆ ಕೊಟ್ಟರು.

ಶಿವಣ್ಣ ಮನೆ ಹೊಸದಾಗಿ ಕಟ್ಟಿಸಿದ್ದ. ಟೈಲ್ಸು, ಆರ್‌ಸಿಸಿ. ತಲೆಬಾಗಿಲು ಮಾತ್ರ ಅಪ್ಪನ ಕಾಲದ ಹಳೇ ಮನೆಯದು, ಹೊಸ್ತಿಲು ಸಮೇತ ತಂದು ಕೂರಿಸಿದ್ದ. ಭಾರಿ ಹೊಸ್ತಿಲು, ಆಳಿನ ಕಣಕಾಲು ದಾಟಿ ಮೇಲಕ್ಕಿತ್ತು. ಸೊಸೆ ರತ್ನಮ್ಮ ಬೆಳಿಗ್ಗೆಯೇ ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು, ಎರಡು ಕೊನೆಗೂ ಚೆಂಡುಹೂವು ಇಟ್ಟಿದ್ದಳು. ಕಕ್ಕಸು ಅದರಾಚೆ, ಅಂಗಳದಲ್ಲಿ.

ಚಿಕ್ಕತಾಯಮ್ಮ ಬಾಗಿಲಿಗೆ ಬಂದು ನಿಂತರು. ಬಾಗಿಲವಾಡ ಹಿಡಿದುಕೊಂಡು ಕಾಲೆತ್ತಿದರು. ಅಷ್ಟು ಎತ್ತರಕ್ಕೆ ಎತ್ತಿ ಆಚೆ ಇಡಬೇಕಾದರೆ ಒಂದೇ ಕಾಲಿನ ಮೇಲೆ ಕ್ಷಣಕಾಲ ಪೂರ್ತಿ ನಿಲ್ಲಬೇಕು. ಅದು ಅವರಿಂದ ಆಗಲಿಲ್ಲ. ಕಾಲು ನಡುಗಿತು, ಇಳಿಸಿದರು.

"ದಾಟೋದ್ಯಾಕವ್ವ? ಮೆಟ್ಲು ಅಂದ್ಕೊಳಿ. ಅದರ ಮೇಲೆ ಕಾಲಿಟ್ಟು ಇಳೀರಿ" ಎಂದೆ.

ಅವರು ನನ್ನ ಮುಖ ನೋಡಿದರು. ಓದಿದವಳು, ಮಗನ ಎದುರಿಗೆ ಹೇಳುತ್ತಿದ್ದೇನೆ, ಏನು ಹೇಳಿಯಾರು? ಶಿವಣ್ಣ, "ಇಡವ್ವ, ಮೇಡಂ ಯೋಳ್ತಾ ಇಲ್ವಾ" ಎಂದು ಗದರಿ, ತಾಯಿ ಅಂಗಳಕ್ಕೆ ಇಳಿದರೆ ಕೂರಲೆಂದು ಕುರ್ಚಿ ತರಲು ಒಳಗೆ ಹೋದ. ಅವನಿಗೂ ತಾಯಿ ಹೊರಗೆ ಹೋಗಲೆಂಬ ಆಸೆ. ನನಗೆ ಬಸ್ಸಿನ ಹೊತ್ತಾಗುತ್ತಿತ್ತು. ನಾನು ಬಗ್ಗಿ, ಅವರ ಬಲಗಾಲಿನ ಕಣಕಾಲು ಹಿಡಿದು, ಎತ್ತಿ, ಹೊಸ್ತಿಲ ಮೇಲೆ ಇಟ್ಟೆ. "ಭಾರ ಹಾಕಿ" ಎಂದೆ.

ಕೆಂಡದ ಮೇಲಿಟ್ಟಂತೆ ಕಾಲನ್ನು ಕಿತ್ತುಕೊಂಡರು. ಕಿತ್ತುಕೊಂಡ ರಭಸಕ್ಕೆ ಪಕ್ಕಕ್ಕೆ ಬಿದ್ದರು, ಎಡಗೈ ಮೈಯಡಿ ಸಿಕ್ಕಿತು. ಮುರಿದ ಶಬ್ದ ನನಗೆ ಕೇಳಿಸಿತು. ಆದರೆ ಅವರು ಅಳುವ ಮೊದಲು, ಬಿದ್ದಲ್ಲಿಂದಲೇ ಬಲಗೈ ಚಾಚಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕೂಗಿಕೊಂಡರು.

ಆಗ ನನಗೆ ತಿಳಿಯಿತು. ನಾನೇನು ಹೊರದೇಶದಿಂದ ಬಂದವಳಲ್ಲ. ಕುದೇರಿನಲ್ಲಿ ನಾನು ಹೊಸ್ತಿಲ ಮೇಲೆ ನಿಂತೆ ಅಂತ ನಮ್ಮವ್ವ ನನ್ನ ಕಾಲಿಗೆ ಸೌದೆಯಲ್ಲಿ ಹೊಡೆದಿದ್ದಾಳೆ. ಹೊಸ್ತಿಲು ಲಕ್ಷ್ಮಿ, ದಾಟಬೇಕು, ತುಳಿಯಬಾರದು. ಅದು ನನಗೆ ಗೊತ್ತಿಲ್ಲದ ವಿಷಯವೇ? ಆದರೆ ಬಿಳಿ ಕೋಟು ಹಾಕಿಕೊಂಡ ಮೇಲೆ ಅದು ನನಗೆ ಇಷ್ಟೆತ್ತರದ ಮರದ ತುಂಡಾಗಿತ್ತು. ತುಳಿದು ಹೋಗಿದ್ದರೆ ಚಿಕ್ಕತಾಯಮ್ಮ ಎಷ್ಟೋ ತಿಂಗಳ ಹಿಂದೆಯೇ ಕಕ್ಕಸಿಗೆ ಹೋಗುತ್ತಿದ್ದರು. ತುಳಿಯಲಾರದೆ ಮಂಚದ ಮೇಲೆ ಕೂತಿದ್ದರು. ಅದಕ್ಕೆ ನಾನು ತೀವ್ರ ಭಯ ಎಂದು ಹೆಸರಿಟ್ಟಿದ್ದೆ.

ಆಸ್ಪತ್ರೆಗೆ ಕರೆತಂದು ಕೈಗೆ ಪ್ಲಾಸ್ಟರ್ ಹಾಕಿಸಿದೆವು. ದೊಡ್ಡವರು ನನ್ನನ್ನು ಒಳಗೆ ಕರೆದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೇಳಿಸಿಕೊಂಡು, "ಇದನ್ನೆಲ್ಲ ಹೀಗೇ ಬರೆದ್ರೆ ನಾಳೆಯಿಂದ ಹೋಮ್ ವಿಸಿಟ್ ಬಂದ್. ನಿಮ್ಮ ಕೆಲಸಾನೂ ನಾನು ಉಳಿಸೋಕಾಗಲ್ಲ" ಎಂದರು. ಒಂದು ವಾಕ್ಯ ಹೇಳಿದರು, ನಾನು ಬರೆದುಕೊಂಡೆ. "ರೋಗಿಯು ಸೂಚನೆಯನ್ನು ಪಾಲಿಸದೆ ಕಾಲನ್ನು ಹಿಂದಕ್ಕೆಳೆದುಕೊಂಡ ಕಾರಣ ಬಿದ್ದಿರುತ್ತಾರೆ."

ಎಷ್ಟು ಚೆನ್ನಾದ ಸುಳ್ಳು ನೋಡಿ. ಅದರಲ್ಲಿ ಸುಳ್ಳೇ ಇಲ್ಲ. ಕಾಲು ಎಳೆದುಕೊಂಡದ್ದು ನಿಜ. ಯಾರು ಇಟ್ಟರು, ಎಲ್ಲಿ ಇಟ್ಟರು ಎಂಬುದು ಮಾತ್ರ ಇಲ್ಲ. ಕೆಳಗೆ ನನ್ನ ಸಹಿ ಹಾಕಿದೆ. ಆಮೇಲೆ ಚಿಕ್ಕತಾಯಮ್ಮನ ಹತ್ತಿರ ಹೋದೆ. "ಏನವ್ವ ಇದು?" ಎಂದು ಕೇಳಿದರು. "ಪ್ಲಾಸ್ಟರ್ ಹಾಕಿದ್ದಕ್ಕೆ" ಎಂದು ಹೇಳಿ, ಅವರ ನೆಟ್ಟಗಿದ್ದ ಕೈಯ ಹೆಬ್ಬೆಟ್ಟು ಒತ್ತಿಸಿಕೊಂಡೆ. ಒಂದು ಪ್ರತಿ ಶಿವಣ್ಣನಿಗೆ ಕೊಟ್ಟರು. ಅವನು ಅಲ್ಲೇ ನಿಂತು ಓದಿದ. ಓದಿ ತಾಯಿಯ ಕಡೆ ತಿರುಗಿ, "ನೋಡ್ದಾ, ನೀನೇ ಮಾಡ್ಕಂಡದ್ದು" ಎಂದ. ನಾನು ಬಾಯಿ ತೆರೆಯಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಲು ಅವರು ಬಂದ ದಿನ ನಾನು ಎಕ್ಸ್‌ರೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದೆ. ಮೇಡಂ ರಜೆ ಎಂದು ಆಯಾ ಹೇಳಿದಳು. ಹೇಳು ಎಂದವಳು ನಾನೇ. ಮತ್ತೆ ಅವರು ಬರಲಿಲ್ಲ.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಯಾವ ಮನೆಗೆ ಹೋದರೂ ಮೊದಲು ಹೊಸ್ತಿಲು ನೋಡುತ್ತಿದ್ದೆ, ಅದರ ಎತ್ತರ ಕೇಳುತ್ತಿದ್ದೆ, ಪೂಜೆ ಮಾಡುವವರು ಯಾರು ಎಂದು ಕೇಳುತ್ತಿದ್ದೆ. ತೆರಕಣಾಂಬಿಯ ಒಬ್ಬ ಬಡಗಿಯ ಹತ್ತಿರ ಉಪಾಯ ಕೇಳಿದಾಗ ಅವನು ಬೀಡಿ ಆರುವುದರೊಳಗೆ ಹೇಳಿಬಿಟ್ಟ. "ವಸ್ಲು ಮುಟ್ಟದ್ಯಾಕೆ ಮೇಡಂ? ಈಕಡೆ ಒಂದು, ಆಕಡೆ ಒಂದು ಅಗಲದ ಹಲ್ಗೆ ಹಾಕುಬುಡನ. ನೆಲಾನೇ ಎತ್ರ ಆಯ್ತದೆ, ದಾಟದು ಸಲೀಸು." ಬಾಗಿಲವಾಡಕ್ಕೆ ಹಿಡಿದುಕೊಳ್ಳಲು ಒಂದು ಮರದ ಹಿಡಿ. ಅಷ್ಟೇ. ಹೊಸ್ತಿಲೂ ಉಳಿಯಿತು, ಕಾಲೂ ಉಳಿಯಿತು. ಅರ್ಧ ದಿನದ ಕೆಲಸ. ಕಡೆಯ ನಾಲ್ಕು ವರ್ಷ ಊರೂರಿಗೆ ಹಲಗೆ ಹಾಕಿಸಿದೆ. ಮಂಚ ಹಿಡಿದಿದ್ದ ಎಷ್ಟೋ ಜನ ಅಂಗಳಕ್ಕೆ ಬಂದು ಕೂತರು. ನನಗೆ ಹಲಗೆ ಮೇಡಂ ಎಂದು ಹೆಸರೇ ಬಿತ್ತು. ದೊಡ್ಡವರು ಅಂಥದೊಂದು ಹಲಗೆಯ ಮುಂದೆ ನಿಲ್ಲಿಸಿ ನನ್ನ ಫೋಟೊ ತೆಗೆಸಿ ಟ್ರಸ್ಟಿನ ವರದಿಯಲ್ಲಿ ಹಾಕಿದರು.

ಒಂದು ಮನೆಗೆ ಮಾತ್ರ ಹಲಗೆ ಹಾಕಿಸಲಿಲ್ಲ. ಭೀಮನಬೀಡಿನ ಪಕ್ಕದ ಊರಿನವರೆಗೂ ಹೋಗಿದ್ದೇನೆ. ಆ ಮನೆಯ ಮುಂದೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ. ಯಾರಾದರೂ "ಭೀಮನಬೀಡಿನಿಂದ ಬಂದಿವ್ನಿ" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾಚಿಕೆ ಎಂದು ಹೇಳಿಕೊಳ್ಳುತ್ತಿದ್ದೆ. ನಾಚಿಕೆ ಅಲ್ಲ, ಹೇಡಿತನ. ಬೀಳುವ ಭಯ ಬಿಡಿ ಎಂದು ಸೀಮೆಗೆಲ್ಲ ಬುದ್ಧಿ ಹೇಳುತ್ತಿದ್ದವಳು ನಾನು.

ಈಚೆಗೆ ಒಬ್ಬ ಹುಡುಗಿ ಫೋನ್ ಮಾಡಿದಳು. ಅವಳ ಕೈಯಲ್ಲಿ ಒಬ್ಬ ಅಜ್ಜ ಬಿದ್ದಿದ್ದಾರೆ. "ರೋಗಿ ಮಾತು ಕೇಳಲಿಲ್ಲ ಅಂತ ಬರೆದುಕೊಡು ಅಂತಿದಾರೆ ಮೇಡಂ, ಏನ್ ಮಾಡ್ಲಿ?" ಎಂದು ಅತ್ತಳು. ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ಮಾರನೆಯ ದಿನ ಭಾನುವಾರ. ಗುಂಡ್ಲುಪೇಟೆ ಬಸ್ಸು ಹತ್ತಿದೆ, ಅಲ್ಲಿಂದ ಭೀಮನಬೀಡಿಗೆ ಹೋದೆ.

ಬಾಗಿಲು ತೆರೆದಿತ್ತು. ಶಿವಣ್ಣ ಪೇಪರ್ ಓದುತ್ತಿದ್ದವನು ಎದ್ದು, "ಬನ್ನಿ ಮೇಡಂ" ಎಂದ. ನಡುಮನೆಯಲ್ಲಿ ಅದೇ ಮಂಚ. ಚಿಕ್ಕತಾಯಮ್ಮ ಅರ್ಧ ಆಗಿದ್ದರು. ಎರಡು ಮಂಡಿಯೂ ಎದೆಯ ಕಡೆಗೆ ಮಡಿಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಗೋಡೆಯ ಪಕ್ಕ ಬಕೆಟ್ಟು ಇತ್ತು. ಆ ಶುಕ್ರವಾರದ ಮೇಲೆ ಅವರು ತಾವಾಗಿ ಮಂಚದಿಂದ ಇಳಿದಿಲ್ಲ ಎಂದು ರತ್ನಮ್ಮ ಹೇಳಿದಳು. ಇಳಿಯುತ್ತೇನೆ ಅಂದಾಗೆಲ್ಲ ಶಿವಣ್ಣ ಬಿಟ್ಟಿಲ್ಲ. "ನೀನು ಯೋಳ್ದಂಗೆ ಕೇಳಾಕಿಲ್ಲ ಅಂತ ಆಸ್ಪತ್ರೆಯೋರೇ ಬರ್ದವ್ರೆ, ಸುಮ್ಕೆ ಬಿದ್ಕ" ಎಂದು ಗದರಿಸುತ್ತಿದ್ದನಂತೆ.

ನಾನು ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತೆ. ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಉಳಿದಷ್ಟನ್ನು ಹೇಳಿದೆ. "ಶಿವಣ್ಣ, ಅವ್ವನ ಕಾಲು ಎತ್ತಿ ಹೊಸ್ತಿಲ ಮೇಲೆ ಇಟ್ಟೋಳು ನಾನು. ತುಳೀಬಾರ್ದು ಅಂತ ಅವರು ಕಿತ್ತುಕೊಂಡ್ರು. ಅದಕ್ಕೇ ಬಿದ್ದದ್ದು. ಕಾಗದದಲ್ಲಿ ಬರ್ದದ್ದು ನನ್ನ ಕೆಲಸ ಉಳಿಸ್ಕೊಳಕ್ಕೆ. ಏನು ಬರ್ದಿದೆ ಅಂತ ಅವರಿಗೆ ಹೇಳದೆ ಹೆಬ್ಬೆಟ್ಟು ಒತ್ತಿಸ್ಕೊಂಡೆ."

ಶಿವಣ್ಣ ಪೇಪರನ್ನು ಮಡಿಸಿದ, ಮತ್ತೆ ಮಡಿಸಿದ. "ಈಗ್ಯಾಕ್ ಮೇಡಂ ಅದೆಲ್ಲ, ಆಗೋದದ್ದು" ಎಂದ.

"ಕೇ‌ಳುಸ್ಕಂಡ್ಯಾ ಸಿವಣ್ಣ?" ಎಂದರು ಚಿಕ್ಕತಾಯಮ್ಮ ಮಂಚದಿಂದ.

ಅವನು ಪೇಪರನ್ನು ಕೆಳಗಿಟ್ಟ.

"ಕೇಳುಸ್ಕಂಡ್ಯಾ ಮಗಾ? ಐದು ವರ್ಸದಿಂದ ಬಡ್ಕತಾ ಇವ್ನಿ. ನಾನೇನೂ ಮಾಡ್ನಿಲ್ಲ ಕಣ್ಲಾ, ಕಾಲ ಅಲ್ಲಿ ಇಟ್ಬುಟ್ರು, ಅದ್ಕೇ ಎಳ್ಕಂಡೆ ಅಂತ. ಕಾಗ್ದ ತೋರ್ಸಿ ತೋರ್ಸಿ ನನ್ ಬಾಯ್ ಮುಚ್ಚುಸ್ದೆ."

"ಊಂ ಕಣವ್ವ" ಎಂದ ಶಿವಣ್ಣ. "ಬೋದ್ನಲ್ಲವ್ವ ನಿನ್ನ, ದಿನಾ ಬೋದ್ನಲ್ಲ."

ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚಿಕ್ಕತಾಯಮ್ಮ ಸೀರೆಯನ್ನು ಮಂಡಿಯ ಮೇಲಕ್ಕೆ ಸರಿಸಿಕೊಂಡರು. "ನೋಡು ಡಾಕ್ಟ್ರಮ್ಮ. ನೀನೇ ನೋಡು. ಈಗ ಕಲುಸುದ್ರೆ ಬತ್ತದಾ?"

ಎದ್ದು ಹೋಗಿ ಮಂಡಿಯ ಕೆಳಗೆ ಕೈ ಇಟ್ಟು ಮೆಲ್ಲಗೆ ಚಾಚಿಸಿ ನೋಡಿದೆ. ಒಂದು ಬೆರಳಿನಷ್ಟು ಅಲುಗಿತು, ಅಲ್ಲಿಗೆ ನಿಂತಿತು. ಇನ್ನೊಂದೂ ಹಾಗೇ. ಮೂವತ್ತೊಂದು ವರ್ಷ ನನ್ನ ಕೈ ಕೆಳಗಿನ ಪ್ರತಿಯೊಂದು ಕಾಲಿಗೂ "ಬರುತ್ತೆ, ಬರುತ್ತೆ" ಎಂದಿದ್ದೇನೆ, ಬಾರದ ಕಾಲಿಗೂ ಎಂದಿದ್ದೇನೆ. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು. ಅವರು ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಅವ್ವ" ಎಂದೆ. "ಇನ್ನು ಬರಲ್ಲ. ಪ್ಲಾಸ್ಟರ್ ಬಿಚ್ಚಿದಾಗ್ಲೇ ನಾನು ಬಂದಿದ್ರೆ ಬರ್ತಿತ್ತು."

ಅವರು ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡು ಸರಿಮಾಡಿದರು.

"ರತ್ನಾ, ಡಾಕ್ಟ್ರಮ್ಮಂಗೆ ಕಾಪಿ ಕೊಡಮ್ಮಿ. ಬಿಸ್ಲಲ್ಲಿ ಬಂದವ್ಳೆ."

ರತ್ನಮ್ಮ ಲೋಟ ತಂದು ನನ್ನ ಮುಂದೆ ಇಟ್ಟಳು. ಮೂವರೂ ನೋಡುತ್ತಿದ್ದರು. ನಾನು ಕುಡಿದೆ.